ಜವಾಬಿಗೆ ಬಿಟ್ಟ ಜಾಗ

ಮೇಷ್ಟ್ರು ಇಂಗ್ಲೆಂಡ್ ನೋಡಿದವರಲ್ಲ. ಪಾಸ್‌ಪೋರ್ಟ್ ಕೂಡ ಮಾಡಿಸಿರಲಿಲ್ಲ ಎಂದು ನನ್ನ ನೆನಪು. ಆದರೆ ನನ್ನ ನೆನಪನ್ನು ಈಚೆಗೆ ನಾನೇ ಅಷ್ಟಾಗಿ ನಂಬುವುದಿಲ್ಲ. ತಾಯಲೂರಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಮುಳಬಾಗಿಲಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಅಲ್ಲೇ ನಿವೃತ್ತರಾಗಿ, ಹೋದ ವರ್ಷ ಅಲ್ಲೇ ತೀರಿಕೊಂಡರು. ನಡುವೆ ಎಂ.ಎ. ಓದಲು ಬೆಂಗಳೂರಿನಲ್ಲಿದ್ದದ್ದು ಬಿಟ್ಟರೆ ಅವರ ಭೂಪಟ ಅಷ್ಟೇ. ಅಂಥವರು, ಇಂಗ್ಲೆಂಡಿನ ಯಾವ ರಾಕ್ ತಂಡಕ್ಕೆ ಯಾವ ತಂಡವನ್ನು ಕಂಡರೆ ಆಗುವುದಿಲ್ಲ, ಏಕೆ ಆಗುವುದಿಲ್ಲ ಎನ್ನುವುದನ್ನು ಪಕ್ಕದ ಮನೆಯ ಆಸ್ತಿ ಭಾಗದ ಜಗಳದಷ್ಟು ವಿವರವಾಗಿ ಹೇಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕಾಲೇಜಿನವರು ವಾರ್ಷಿಕ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಸರಳತೆ, ಶಿಸ್ತು, ವಿದ್ಯಾರ್ಥಿಪ್ರೇಮ ಎಲ್ಲವೂ ಅದರಲ್ಲಿದ್ದವು. ಅಚ್ಚಾಗಿ ಬಂದದ್ದನ್ನು ಓದಿ ನನಗೇ ಆಯಾಸವಾಯಿತು. ಆ ಪುಟವನ್ನು ಯಾವ ಮೇಷ್ಟ್ರಿಗೆ ಅಂಟಿಸಿದರೂ ಹೊಂದುತ್ತಿತ್ತು. ಇದು ಅದರಲ್ಲಿ ಬಿಟ್ಟುಹೋದದ್ದು.

ನಾನು ಮಾಲೂರಿನವನು, ಸಮಾಜಶಾಸ್ತ್ರ ಓದಿದವನು. ಒಂದು ಕಡೆ ಕೂತು ಕೆಲಸ ಮಾಡುವ ಗುಣ ನನಗಿಲ್ಲ. ಪತ್ರಿಕೆ, ಸರ್ವೆ ಕೆಲಸ, ಮತ್ತೆ ಪಾಠ ಎಂದು ಸುತ್ತಿ ಮುಳಬಾಗಿಲಿಗೆ ಬಂದಾಗ ಇಲ್ಲಿಯೂ ಬಹಳ ದಿನ ಇರುವವನಲ್ಲ ಎಂದುಕೊಂಡಿದ್ದೆ. ಆದರೆ ಉಳಿದೆ. ಅದಕ್ಕೆ ಮೇಷ್ಟ್ರೇ ಕಾರಣ ಎಂದರೆ ಕೇಳಲು ಚೆನ್ನಾಗಿರುತ್ತದೆ, ಸಂಬಳವೂ ಕಾರಣ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಒಂದೇ ವಿಷಯ: ಒಬ್ಬ ಮನುಷ್ಯ ತಾನು ಮಾಡಿದ್ದಕ್ಕೆ ಇದೇ ಕಾರಣ ಎಂದು ಹೇಳಿದರೆ, ಕಾರಣ ಬೇರೆಲ್ಲೋ ಇರುತ್ತದೆ. ಮೇಷ್ಟ್ರು ನನ್ನನ್ನು ಹೆಸರಿನಿಂದ ಕರೆದದ್ದೇ ಇಲ್ಲ. ‘ಬನ್ನಿ ಸೋಷಿಯಾಲಜಿ’ ಎನ್ನುತ್ತಿದ್ದರು.

ಕುಳ್ಳಗಿನ ಆಳು. ಬಿಳಿ ಷರ್ಟಿನ ತೋಳನ್ನು ಮೊಣಕೈಗಿಂತ ಸ್ವಲ್ಪ ಕೆಳಗೆ ಮಡಿಚಿರುತ್ತಿದ್ದರು. ಎಡಗೈ ಬೆರಳಿನಲ್ಲಿ ಒಂದು ತಾಮ್ರದ ಉಂಗುರ. ಪರೀಕ್ಷೆಯ ಕೋಣೆಯಲ್ಲಾಗಲಿ, ಸ್ಟಾಫ್ ರೂಮಿನಲ್ಲಾಗಲಿ, ಬಸ್ಸಿನ ಸೀಟಿನ ಕಂಬಿಯ ಮೇಲಾಗಲಿ ಆ ಉಂಗುರದಿಂದ ತಾಳ ಕುಟ್ಟುತ್ತಿರುತ್ತಿದ್ದರು. ಕುಟ್ಟುತ್ತ ಕುಟ್ಟುತ್ತ ಮಧ್ಯೆ ಒಂದು ಕಡೆ ನಿಲ್ಲಿಸಿಬಿಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಏನೂ ಆಗಿಲ್ಲವೆಂಬಂತೆ ಮುಂದಿನಿಂದ ಶುರುಮಾಡುತ್ತಿದ್ದರು. ಮರೆತು ನಿಲ್ಲಿಸುತ್ತಾರೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಹುಡುಗರು ಅವರನ್ನು ಬ್ಯಾಂಡ್ ಮೇಷ್ಟ್ರು ಎನ್ನುತ್ತಿದ್ದರು. ಇದು ಊರಿಗೂ ಹಬ್ಬಿ, ಒಂದು ಸಲ ಬೈರಕೂರಿನ ಕಡೆಯ ರೈತರೊಬ್ಬರು ಎಲೆ ಅಡಿಕೆ ಸಮೇತ ಸ್ಟಾಫ್ ರೂಮಿಗೇ ಬಂದರು.

“ಬ್ಯಾಂಡ್ ಮೇಷ್ಟ್ರು ಅಂದ್ರೆ ನೀವೇನಾ ಸಾ? ಮಗಳ ಮದುವೆ ಐತೆ. ನಿಮ್ಮೋರು ಎಷ್ಟು ಜನ ಬರ್ತೀರಾ?”

ಮೇಷ್ಟ್ರು ನಗಲಿಲ್ಲ. ಅವರನ್ನು ಕೂರಿಸಿ, ತಮ್ಮ ಬ್ಯಾಂಡು ಸ್ವಲ್ಪ ದೂರದ್ದು, ಬರುವುದು ಕಷ್ಟ ಎಂದರು. “ಕೋಲಾರದಲ್ಲಿ ಎರಡು ಸೆಟ್ ಇದಾವೆ, ಯಜಮಾನ್ರೇ. ಒಬ್ಬನ್ನ ಮಾತಾಡ್ಸಿ, ಆ ಇನ್ನೊಬ್ಬನೂ ಕೇಳಕ್ಕೆ ಬರ್ತಾನೆ ಅಂತ ಒಂದು ಮಾತು ಹಾಕಿ. ಆಮೇಲೆ ನೋಡಿ ಹೆಂಗೆ ನುಡಿಸ್ತಾನೆ.” ರೈತರು ಹೊರಟ ಮೇಲೆ ನನ್ನ ಕಡೆ ತಿರುಗಿ, “ಇದೇ ರೀ ಇಂಗ್ಲೆಂಡಲ್ಲೂ ಆಗಿದ್ದು” ಎಂದರು.

ಇಂಗ್ಲೆಂಡಿನಲ್ಲಿ ಆದದ್ದೇನು ಎನ್ನುವುದು ಅವರಿಗೆ ಸಿಕ್ಕಿದ್ದು ಬೆಂಗಳೂರಿನ ಹಾಸ್ಟೆಲಿನಲ್ಲಿ. ಅದೇ ಕೋಣೆಯಲ್ಲಿದ್ದವನು ಚಿನ್ನದ ಗಣಿಯ ಊರಿನ ಹುಡುಗ. ಅವರ ಮನೆಯಲ್ಲಿ ಅಪ್ಪನ ಕಾಲದ ಇಂಗ್ಲಿಷ್ ರೆಕಾರ್ಡುಗಳಿದ್ದವು, ಅವನು ಅವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ತರುತ್ತಿದ್ದ. ಅರವತ್ತರ ದಶಕದ ಎರಡು ತಂಡಗಳು. ಒಂದು ಒಂದೇ ಬಣ್ಣದ ಕೋಟು ತೊಟ್ಟು, ತಲೆ ಬಾಗಿ ನಮಸ್ಕರಿಸುವ ತಂಡ. ಇನ್ನೊಂದು ಬಾಚಣಿಗೆ ಕಾಣದ ತಲೆಯ, ತುಟಿ ಸೊಟ್ಟ ಮಾಡಿ ಹಾಡುವ ತಂಡ. ಮೇಷ್ಟ್ರು ಎರಡನೆಯದರ ಪಕ್ಷ. ನೀವು ಯಾವ ಪಕ್ಷ ಎಂದು ಹೊಸದಾಗಿ ಬಂದ ಪ್ರತಿ ಉಪನ್ಯಾಸಕರನ್ನೂ ಕೇಳುತ್ತಿದ್ದರು. ರಸಾಯನಶಾಸ್ತ್ರದ ಮೇಡಮ್ಮು ಗಾಬರಿಯಾಗಿ, ನಮ್ಮ ಮನೆಯವರು ರಾಜಕೀಯಕ್ಕೆ ಹೋಗುವುದಿಲ್ಲ ಸಾರ್ ಎಂದುಬಿಟ್ಟಿದ್ದರು.

ಈ ಪೈಪೋಟಿ ಏಕೆ ಹುಟ್ಟುತ್ತದೆ ಎನ್ನುವುದಕ್ಕೆ ಅವರು ಕೊಡುತ್ತಿದ್ದ ಕಾರಣ ಕಾಲಕಾಲಕ್ಕೆ ಬದಲಾಯಿತು. ನಾನು ಬಂದ ಹೊಸದರಲ್ಲಿ ಪತ್ರಿಕೆಯವರೇ ಕಾರಣ ಎನ್ನುತ್ತಿದ್ದರು. ಇಬ್ಬರನ್ನು ಎದುರುಬದುರು ನಿಲ್ಲಿಸಿದರೆ ಪೇಪರು ಖರ್ಚಾಗುತ್ತದೆ; ನಿಜವಾಗಿ ಆ ಎರಡು ತಂಡದವರು ಗೆಳೆಯರಂತೆ, ಒಬ್ಬರ ಹಾಡು ಬರುವ ವಾರ ಇನ್ನೊಬ್ಬರು ತಮ್ಮದನ್ನು ತಡೆಹಿಡಿಯುತ್ತಿದ್ದರಂತೆ, ಒಬ್ಬರು ಕಟ್ಟಿದ ಹಾಡನ್ನು ಇನ್ನೊಬ್ಬರಿಗೆ ಕೊಟ್ಟು ಹಾಡಿಸಿದ್ದೂ ಉಂಟಂತೆ. ಇದನ್ನೆಲ್ಲ ನಾನು ಎಲ್ಲೂ ಪರೀಕ್ಷಿಸಿಲ್ಲ. ಆಮೇಲೆ ಕೆಲವು ವರ್ಷ ಕಾರಣ ರೆಕಾರ್ಡು ಕಂಪನಿಗಳಾದವು. ಮಾವಿನ ಕಾಲದಲ್ಲಿ ಒಂದು ದಿನ, ಶ್ರೀನಿವಾಸಪುರದ ಮಂಡಿಯ ಮುಂದೆ ಬಸ್ಸು ನಿಂತಿದ್ದಾಗ, ಎದುರಾಬದುರಾ ಎರಡು ಮಂಡಿಯವರು ಒಂದೇ ತೋಟದ ಕಾಯಿಗೆ ಒಬ್ಬರ ಮೇಲೊಬ್ಬರು ಕೂಗುತ್ತಿದ್ದುದನ್ನು ತೋರಿಸಿ, “ಇಬ್ರ ಗೋದಾಮೂ ಒಬ್ಬನದೇ. ಕೂಗೋದು ಕಾಯಿಗಲ್ಲ, ನಿಂತು ನೋಡೋರಿಗೆ” ಎಂದಿದ್ದರು. ಗೋದಾಮು ಒಬ್ಬನದೇ ಎನ್ನುವುದು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. ಅಷ್ಟರಲ್ಲಿ ಬಸ್ಸು ಹೊರಟಿತು.

ನಾನು ಸುಮ್ಮನಿರುವವನಲ್ಲ. ತೊಂಬತ್ತರ ದಶಕದ ಇನ್ನೊಂದು ಜೋಡಿಯನ್ನು ಅವರೇ ನನಗೆ ಪರಿಚಯಿಸಿದ್ದರು: ಬೇಕೆಂದೇ ಒಂದೇ ದಿನ ಹಾಡು ಬಿಟ್ಟು ಯಾರದು ಹೆಚ್ಚು ಖರ್ಚಾಗುತ್ತದೆ ಎಂದು ದೇಶವೆಲ್ಲ ಕಾದು ಕುಳಿತ ಜೋಡಿ. ಅದನ್ನೇ ಹಿಡಿದು ಹೇಳಿದೆ: ಒಂದು ತಂಡ ಉತ್ತರದ ಗಿರಣಿ ಊರಿನ ಕೂಲಿಯವರ ಮಕ್ಕಳು, ಇನ್ನೊಂದು ದಕ್ಷಿಣದ ಓದಿಕೊಂಡ ಮನೆಯವರು, ಇದು ಹಾಡಿನ ಜಗಳವಲ್ಲ, ವರ್ಗದ್ದು. ಮೇಷ್ಟ್ರು ಇದಕ್ಕಾಗಿಯೇ ಕಾದವರಂತೆ ಟೀ ಲೋಟ ಪಕ್ಕಕ್ಕಿಟ್ಟರು.

“ಹಂಗಾದ್ರೆ ಹಳೇ ಜೋಡಿಗೆ ಏನಂತೀರಿ ಸೋಷಿಯಾಲಜಿ? ಅಲ್ಲಿ ಕೋಟು ಹಾಕ್ಕೊಂಡು ಸಭ್ಯರಂಗೆ ನಿಂತೋರು ಬಂದರಿನ ಊರಿನ ಬಡವರು. ಒರಟರ ವೇಷ ಹಾಕಿದೋರು ಓದಿದ ಮನೆಯೋರು. ನಿಮ್ಮ ವರ್ಗ ಎಲ್ಲೋಯ್ತು?”

ಅದನ್ನು ಬಿಟ್ಟು ನಾನು ಇನ್ನೊಂದು ಮಾತು ಕೇಳಿದೆ. ಆ ಉತ್ತರದ ತಂಡದಲ್ಲಿ ಅಣ್ಣತಮ್ಮಂದಿರು ಇದ್ದರಲ್ಲ, ಅವರವರೇ ಮಾತು ಬಿಟ್ಟರಲ್ಲ, ಅದಕ್ಕೆ ಪತ್ರಿಕೆ ಕಾರಣವೋ ಕಂಪನಿ ಕಾರಣವೋ ಎಂದೆ. ಮೇಷ್ಟ್ರು ಉಂಗುರ ಕುಟ್ಟುವುದನ್ನು ನಿಲ್ಲಿಸಿದರು. ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯಿತೆಂದು ಎದ್ದರು. ಗಂಟೆ ಹೊಡೆದಿರಲಿಲ್ಲ. ಅಥವಾ ಹೊಡೆದಿತ್ತೇನೋ; ಹೊಡೆದಿರಲಿಲ್ಲ ಎಂದು ನನ್ನ ಮನಸ್ಸು ಆಮೇಲೆ ಸೇರಿಸಿಕೊಂಡಿರಬಹುದು.

ಕಾಲೇಜಿನ ಮುಂದೆ ರಸ್ತೆಯ ಆಚೀಚೆ ಎರಡು ಟೀ ಅಂಗಡಿಗಳಿದ್ದವು. ಮೇಷ್ಟ್ರು ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಕುಡಿಯುತ್ತಿದ್ದರು. ಕುಡಿದು, ದುಡ್ಡು ಕೊಡುವಾಗ, ಎದುರುಗಡೆ ನಿನ್ನೆ ಶುಂಠಿ ಹಾಕಿದ್ದ ಕಣಯ್ಯ ಎಂದು ಹೇಳಿ ಬರುತ್ತಿದ್ದರು. ಮರುದಿನ ಇಲ್ಲಿಯೂ ಶುಂಠಿ ಬೀಳುತ್ತಿತ್ತು. ಆಮೇಲೆ ರಸ್ತೆ ಅಗಲ ಮಾಡುವಾಗ ಆ ಕಡೆಯ ಅಂಗಡಿ ಹೋಯಿತು. ಮಿಕ್ಕಿದವನು ಖುಷಿಯಾಗಿದ್ದ. ಇನ್ನು ಇವನ ಟೀ ನೀರಾಗುತ್ತದೆ ನೋಡಿ ಎಂದರು ಮೇಷ್ಟ್ರು. ನೀರಾಯಿತು. ನನ್ನ ಸಂಶಯ ಇಷ್ಟೇ: ಟೀ ಮೊದಲೂ ಅಷ್ಟೇ ಇದ್ದು, ಹೋಲಿಸಲು ಇನ್ನೊಂದು ಇಲ್ಲವಾದ್ದರಿಂದ ನಮ್ಮ ನಾಲಿಗೆ ಕೆಟ್ಟಿರಬಹುದು.

ಪ್ರತಿ ವರ್ಷ ರಾಮನವಮಿ ಕಳೆದ ವಾರದಲ್ಲಿ ಕಾಲೇಜಿಗೆ ಒಬ್ಬ ಮುದುಕ ಬರುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕಂಚಿನ ತಾಳ. ಹೆಸರು ಮುನಿವೆಂಕಟಪ್ಪ, ಮೇಷ್ಟ್ರ ಊರಿನವನು, ಟೊಮೆಟೊ ಬೆಳೆಯುವವನು. ತರಗತಿಗಳು ಮುಗಿಯುವವರೆಗೆ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದ. ಆಮೇಲೆ ಇಬ್ಬರೂ ಖಾಲಿ ತರಗತಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿಂದ ಮೊದಲು ಮುದುಕನ ಗಂಟಲು, ಸ್ವಲ್ಪ ದಿನ ಬಿಟ್ಟು ಇನ್ನೊಂದು ಸಲ ಬಂದಾಗ ಮೇಷ್ಟ್ರ ಗಂಟಲು ಕೇಳಿಸುತ್ತಿತ್ತು. ಹಾಡು ತೆಲುಗು. ನಮ್ಮ ಕಡೆ ಮಾತು ಕನ್ನಡವಾದರೂ ಭಜನೆ ತೆಲುಗೇ.

ಒಂದು ವರ್ಷ ಮೇಷ್ಟ್ರು ಮೌಲ್ಯಮಾಪನಕ್ಕೆ ಹೋಗಿದ್ದರು, ಮುದುಕ ಕಾಯುತ್ತ ಕೂತಿದ್ದ. ನಾನು ಟೀ ಕುಡಿಸಲು ಕರೆದುಕೊಂಡು ಹೋದೆ. ಬೇಸಗೆಯ ಬಿಸಿಲಿಗೋ, ನನ್ನ ಪ್ರಶ್ನೆ ಕೇಳುವ ಚಟಕ್ಕೋ, ಅವನು ಎಲ್ಲವನ್ನೂ ಹೇಳಿದ.

ಮೇಷ್ಟ್ರಿಗೆ ಒಬ್ಬ ತಮ್ಮ. ಓದಲಿಲ್ಲ, ಹೊಲ ನೋಡಿಕೊಂಡ. ಗಂಟಲು ಮಾತ್ರ ಅಣ್ಣನಿಗಿಂತ ಒಂದು ಗುಲಗಂಜಿ ಹೆಚ್ಚು. ಊರಿನ ಪಂಡರಿ ಭಜನೆಯಲ್ಲಿ ಅಣ್ಣ ಹಾಡು ಕಟ್ಟುವುದು, ತಮ್ಮ ಹಾಡುವುದು. ಕಾಲಿಗೆ ಗೆಜ್ಜೆ, ಕೈಗೆ ತಾಳ, ಎರಡು ಸಾಲಿನಲ್ಲಿ ಹೆಜ್ಜೆ ಹಾಕುತ್ತ ಹಾಡುವ ತಂಡ ಅದು. ಎಂ.ಎ. ಮುಗಿಸಿ ಬಂದ ವರ್ಷ ಅಣ್ಣ ಒಂದು ಹೊಸ ರಾಗದಲ್ಲಿ ರಾಮನ ಮೇಲೆ ಹಾಡು ಕಟ್ಟಿದರು. ಹಿಂದೆ ಯಾರೂ ಕೇಳದ ರಾಗ. ತಮ್ಮ ಅದನ್ನು ದಿನಗಟ್ಟಲೆ ಹೊಲದಲ್ಲಿ ನೀರು ಕಟ್ಟುತ್ತ ಹಾಡಿ ಹಾಡಿ ತನ್ನದು ಮಾಡಿಕೊಂಡ. ಶ್ರೀನಿವಾಸಪುರದ ಕಡೆ ಒಂದು ಊರಿನಲ್ಲಿ ಪೋಟಿ, ಎಂದರೆ ಸ್ಪರ್ಧೆ. ಅಲ್ಲಿ ತಮ್ಮ ಹಾಡಿದಾಗ ಹೆಂಗಸರು ಅತ್ತರಂತೆ. ಇವರ ತಂಡವೇ ಗೆದ್ದಿತು. ಅಣ್ಣನನ್ನು ಎರಡು ಮಾತಾಡಿ ಎಂದು ಮೈಕಿನ ಮುಂದೆ ನಿಲ್ಲಿಸಿದರು. ಅಣ್ಣ ಹೊಸ ಡಿಗ್ರಿಯ ಹುಮ್ಮಸ್ಸಿನಲ್ಲಿ, ಈ ರಾಗ ನಮ್ಮದಲ್ಲ, ಇಂಗ್ಲೆಂಡಿನ ಒಂದು ಬ್ಯಾಂಡಿನದು, ಸಂಗೀತಕ್ಕೆ ದೇಶವಿಲ್ಲ ಎಂದು ಭಾಷಣ ಮಾಡಿದರು. ಜನ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ಎದುರು ತಂಡದವನೊಬ್ಬ ಸೊಂಟ ಕುಣಿಸಿ ತೋರಿಸಿದ.

“ತಮ್ಮ ಅಲ್ಲೇ ಕೂತ್ಕೊಂಡು ಗೆಜ್ಜೆ ಬಿಚ್ದ ಸಾ,” ಎಂದ ಮುನಿವೆಂಕಟಪ್ಪ. “ದೇವರ ಮುಂದೆ ನನ್ನ ಬಾಯಲ್ಲಿ ಯಾರ್ದೋ ಎಂಜಲು ಹಾಡಿಸ್ದ, ಹಾಡೋಕೆ ಮುಂಚೆ ನನಗೊಂದು ಮಾತು ಹೇಳಲಿಲ್ಲ ಅಂದ. ಅಷ್ಟೇ. ಆವತ್ತಿಂದ ಅಣ್ಣನ ಹತ್ರ ಮಾತಿಲ್ಲ. ತಾಯಿ ಸತ್ತಾಗಲೂ ತಲೆ ಕಡೆ ಒಬ್ಬ, ಕಾಲ ಕಡೆ ಒಬ್ಬ.”

ತಮ್ಮ ಕೆಳಗಿನ ಬೀದಿಯಲ್ಲಿ ಬೇರೆ ತಂಡ ಕಟ್ಟಿದ. ಮೇಲಿನ ಬೀದಿಯ ಹಳೇ ತಂಡ ಮುನಿವೆಂಕಟಪ್ಪನ ಕೈಗೆ ಬಂತು. ಅಣ್ಣ ಮುಳಬಾಗಿಲಿಗೆ ಹೋಗಿ ಸೇರಿಕೊಂಡರು. ಮುಂದಿನ ರಾಮನವಮಿಗೆ ಕೆಳಗಿನ ಬೀದಿಯವರು ಪಾನಕದ ಚಪ್ಪರದಲ್ಲಿ ಎದ್ದು ನಿಂತು ಒಂದು ಸವಾಲಿನ ಹಾಡು ಹಾಡಿದರು. ಎರವಲು ಬಟ್ಟೆ ತೊಟ್ಟು ಬಂದವನೇ, ನಿನ್ನ ಸ್ವಂತದ್ದು ಯಾವುದು ಎಂದು ಅದರ ಅರ್ಥ. ಸವಾಲು ಹಾಡಿ, ತಾಳ ನಿಲ್ಲಿಸಿ, ನಡುವೆ ಜವಾಬಿಗೆ ಜಾಗ ಬಿಡುವುದು ಅಲ್ಲಿಯ ಪದ್ಧತಿ. ಜವಾಬು ಅದೇ ರಾಗದಲ್ಲಿ, ಅದೇ ಅಳತೆಯಲ್ಲಿ ಆ ಜಾಗದೊಳಗೆ ಕೂರಬೇಕು. ಕಟ್ಟುವುದಕ್ಕೆ ಆಷಾಢ ಏಕಾದಶಿಯವರೆಗೆ ವಾಯಿದೆ; ಅಂದು ಸವಾಲನ್ನು ಮತ್ತೆ ಎತ್ತಿಕೊಂಡು, ಬಿಟ್ಟ ಜಾಗದಲ್ಲಿ ಜವಾಬು ಹಾಡುತ್ತಾರೆ. ಮೇಲಿನ ಬೀದಿಯಲ್ಲಿ ಕಟ್ಟುವವರಿಲ್ಲ. ಮುನಿವೆಂಕಟಪ್ಪ ಬಸ್ಸು ಹತ್ತಿ ಮೇಷ್ಟ್ರ ಹತ್ತಿರ ಬಂದ. ಹತ್ತಿ ಬೆಳೆದವನ ಹೆಸರು ಕೇಳಿಕೊಂಡು ಬಟ್ಟೆ ತೊಟ್ಟವರುಂಟೇ ಎಂದು ಮೇಷ್ಟ್ರು ಕಟ್ಟಿಕೊಟ್ಟರು. ಏಕಾದಶಿಯ ದಿನ ಅದನ್ನು ಕೇಳಿ ತಮ್ಮ ತಲೆ ಎತ್ತಲಿಲ್ಲ. ಆದರೆ ಮುಂದಿನ ರಾಮನವಮಿಗೆ ಇನ್ನೊಂದು ಸವಾಲು ಸಿದ್ಧವಾಗಿತ್ತು.

“ಅಲ್ಲಿಂದ ಹಿಂಗೇ ನಡ್ಕೊಂಡು ಬಂದೈತೆ. ಅವ್ನು ಕೇಳ್ತಾನೆ, ಇವ್ರು ಹೇಳ್ತಾರೆ. ಮಧ್ಯದಾಗೆ ನಾನೊಬ್ಬ ಬಸ್ ಚಾರ್ಜ್ ಇಟ್ಕೊಂಡು ಓಡಾಡ್ತೀನಿ.”

“ಮೇಷ್ಟ್ರು ಊರಿಗೆ ಬರಲ್ವಾ?”

“ಏಕಾದಶಿ ದಿನ ಬರ್ತಾರೆ. ಶಾಲೆ ಹಿಂದ್ಗಡೆ ನಿಂತ್ಕೊಂಡು ಕೇಳಿ, ಯಾರ್ಗೂ ಕಾಣ್ದಂಗೆ ಹೊರಟೋಗ್ತಾರೆ. ಎಲ್ರಿಗೂ ಗೊತ್ತು. ತಮ್ಮನಿಗೂ ಗೊತ್ತು.”

ಉಂಗುರದ ತಾಳ ಮಧ್ಯೆ ಏಕೆ ನಿಲ್ಲುತ್ತಿತ್ತು ಎನ್ನುವುದು ನನಗೆ ಗೊತ್ತಾದದ್ದು ಆ ಟೀ ಅಂಗಡಿಯಲ್ಲಿ. ಗೊತ್ತಾಯಿತು ಎಂದು ಮೇಷ್ಟ್ರಿಗೆ ಹೇಳಲಿಲ್ಲ. ಅವರೇ ಒಂದು ಸಲ, ಬ್ಯಾಂಡುಗಳ ವಿಷಯ ಮಾತಾಡುತ್ತ, ಯಾರದೋ ರಾಗ ತೆಗೆದುಕೊಳ್ಳುವುದು ತಪ್ಪಲ್ಲ, ಆ ಇಂಗ್ಲೆಂಡಿನವರೂ ಇನ್ನೆಲ್ಲಿಂದಲೋ ತೆಗೆದುಕೊಂಡವರೇ ಎಂದರು. ಆಮೇಲೆ, “ಹಾಡೋನಿಗೆ ಮುಂಚೆ ಹೇಳ್ಬೇಕು, ಅಷ್ಟೇ” ಎಂದರು. ನಾನು ಕಿಟಕಿಯ ಕಡೆ ನೋಡಿದೆ.

ನಿವೃತ್ತಿಯ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ ಫಲಪುಷ್ಪದ ತಟ್ಟೆ ಕೊಟ್ಟರು. ವಂದನೆಯ ಮಾತನ್ನು ಎರಡೇ ವಾಕ್ಯದಲ್ಲಿ ಮುಗಿಸಿದರು. ಮೈಕು ಕಂಡರೆ ಅವರಿಗೆ ಹೆದರಿಕೆ ಎಂದು ಪ್ರಿನ್ಸಿಪಾಲರು ತಮಾಷೆ ಮಾಡಿದರು. ಆಮೇಲೂ ನಾನು ಭಾನುವಾರಗಳಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ಆಗ ಪೈಪೋಟಿಯ ಕಾರಣ ಮತ್ತೆ ಬದಲಾಗಿತ್ತು. ಒಂದು ದಿನ ಹೇಳಿದರು:

“ಊರಿಗೆಲ್ಲ ಅಂತ ಒಂದು ಹಾಡು ಕಟ್ಟೋಕೆ ಆಗಲ್ಲ ಕಣ್ರೀ. ಯಾವನೋ ಒಬ್ಬ ಕೇಳ್ತಾನೆ ಅಂತ ಕಟ್ಬೇಕು. ಎಲ್ಲಿ ಜಾರಿದ್ದೀನಿ ಅಂತ ಅವನಿಗೆ ಗೊತ್ತಾಗ್ಬೇಕು.”

ಅದಕ್ಕೆ ಸ್ನೇಹಿತ ಸಾಕಲ್ಲ, ವೈರಿಯೇ ಏಕೆ ಬೇಕು ಎಂದೆ.

“ಸ್ನೇಹಿತ ಚೆನ್ನಾಗಿದೆ ಅಂತಾನೆ.”

ಇದು ಚೆನ್ನಾದ ಮಾತು. ಚೆನ್ನಾದ ಮಾತುಗಳನ್ನು ನಾನು ಅನುಮಾನದಿಂದ ನೋಡುತ್ತೇನೆ. ಹಾಗಾದರೆ ತಮ್ಮನ ಹತ್ತಿರ ಹೋಗಿ ಎರಡು ಮಾತಾಡಿದರೆ ಹಾಡು ಕೆಡುತ್ತದೆಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮನುಷ್ಯ ಇಷ್ಟು ವರ್ಷ ನೂರು ಕಾರಣ ಹುಡುಕಿದ್ದು ಆ ಒಂದು ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದೇ ಇರಬೇಕು ಎಂದು ಆಗ ಅನ್ನಿಸಿತ್ತು. ಈಗ ಅದೂ ಅಷ್ಟು ಖಚಿತವಿಲ್ಲ. ಅವರಿಗೆ ಆ ಬ್ಯಾಂಡುಗಳು ನಿಜವಾಗಿಯೂ ಇಷ್ಟವಾಗಿದ್ದವು.

ಹೋದ ವರ್ಷದ ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಹೋಯಿತು, ಮಾತೂ ಹೋಯಿತು. ಕೋಲಾರದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅವರ ಹೆಂಡತಿ ಕ್ಯಾಲನೂರಿನ ಕಡೆಯವರು, ಹೆಚ್ಚು ಮಾತಿಲ್ಲದ ಹೆಂಗಸು. ಹಾಲಿನಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿಸಿ, ರೇಡಿಯೋ ಹಾಕಲಾ ಎಂದು ದಿನಕ್ಕೊಂದು ಸಲ ಕೇಳುತ್ತಿದ್ದರು. ಬೇಡ ಎನ್ನುವಂತೆ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು.

ರಾಮನವಮಿಯಾಯಿತು. ಕೆಳಗಿನ ಬೀದಿಯವರು ಸವಾಲು ಹಾಡಿದರು. ಮುನಿವೆಂಕಟಪ್ಪ ಮಂಚದ ಪಕ್ಕ ಕೂತು ಅದನ್ನು ಹಾಡಿ ಕೇಳಿಸಿದನಂತೆ. ಆ ದಿನ ನಾನಿರಲಿಲ್ಲ. ಅದರ ಅರ್ಥವನ್ನಷ್ಟೇ ಅವನು ಆಮೇಲೆ ಫೋನಿನಲ್ಲಿ ಹೇಳಿದ: ಕೆರೆ ಏರಿಯ ಮೇಲೆ ಹೋಗುತ್ತಿರುವವನೇ, ಹೊತ್ತು ಇಳಿಯಿತು, ನಿನ್ನ ಜೊತೆಗೆ ಯಾರಿದ್ದಾರೆ. ಇಷ್ಟು ವರ್ಷದಲ್ಲಿ ಚುಚ್ಚುಮಾತಿಲ್ಲದ ಸವಾಲು ಇದೇ ಮೊದಲು ಎಂದ. ಹಾಡು ಮುಗಿದಾಗ ಮೇಷ್ಟ್ರು ಅಲುಗಾಡದೆ ಮಲಗಿದ್ದರಂತೆ. ಇನ್ನು ಏಕಾದಶಿಯೊಳಗೆ ಜವಾಬು ಬರುತ್ತದೆಯೋ ಇಲ್ಲವೋ, ಮಾತೇ ಹೊರಡದವರ ಹತ್ತಿರ ಏನೆಂದು ಕೇಳಲಿ ಎಂದು ಅವನು ಗೊಣಗಿದ. ಅಷ್ಟರಲ್ಲಿ ಟೊಮೆಟೊ ಕೊಯ್ಲು ಶುರುವಾಯಿತು, ಅವನು ಮತ್ತೆ ಬರಲಾಗಲಿಲ್ಲ.

ಸವಾಲು ಕೇಳಿಸಿದ ಮುಂದಿನ ಭಾನುವಾರದಿಂದ ಮೇಷ್ಟ್ರ ಎಡಗೈ ಶುರುಮಾಡಿತು. ಮಂಚದ ಪಟ್ಟಿಯ ಮೇಲೆ ಉಂಗುರದಿಂದ ಕುಟ್ಟುವರು, ನಡುವೆ ನಿಲ್ಲಿಸುವರು, ಮತ್ತೆ ಕುಟ್ಟುವರು. ಜೊತೆಗೆ ಗಂಟಲಿನಿಂದ ಒಂದು ಸಣ್ಣ ದನಿ, ರಾಗ ಎಂದರೆ ರಾಗ. ಅವರ ಹೆಂಡತಿ, “ಒಂದೇ ಸಮನೆ ಕುಟ್ತಾರೆ ನೋಡಿ. ಡಾಕ್ಟ್ರು ನರದ್ದು ಅಂತಾರೆ. ನನಗೆ ಹಾಡು ಕಿವಿಗೆ ಹತ್ತಲ್ಲ” ಎಂದರು. ನನಗೆ ಮಾತ್ರ ಅದು ನರದ್ದಲ್ಲ, ಜವಾಬು ಕಟ್ಟುತ್ತಿದ್ದಾರೆ ಎನ್ನಿಸಿತು. ಸಂದೇಹಪಡುವುದನ್ನೇ ವೃತ್ತಿ ಮಾಡಿಕೊಂಡ ನಾನು ಅದೊಂದನ್ನು ಯಾವ ಪುರಾವೆಯೂ ಇಲ್ಲದೆ ನಂಬಿದೆ. ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಲು ಹೊಳೆಯಲಿಲ್ಲ. ಹಾಸಿಗೆ ಹಿಡಿದವರ ಮುಂದೆ ಫೋನು ಹಿಡಿಯುವುದು ಸರಿಯಲ್ಲ ಎನ್ನಿಸಿತ್ತು, ಎಂದು ಈಗ ಹೇಳಿಕೊಳ್ಳುತ್ತೇನೆ.

ಏಕಾದಶಿಗೆ ಇನ್ನೂ ಕೆಲವು ದಿನ ಇರುವಾಗ ಅವರು ಹೋದರು. ದೇಹವನ್ನು ಊರಿಗೇ ತೆಗೆದುಕೊಂಡು ಹೋದೆವು. ನಮ್ಮ ಕಡೆ ಸತ್ತವರ ಮನೆಯ ಮುಂದೆ ಭಜನೆ ಕೂರುತ್ತದೆ. ಎರಡೂ ಬೀದಿಯವರು ಬಂದು ಬೇರೆ ಬೇರೆ ಚಾಪೆಯಲ್ಲಿ ಕೂತರು, ಸರದಿಯ ಮೇಲೆ ಹಾಡಿದರು. ಸಾವಿನ ಮನೆಯಲ್ಲಿ ಪೋಟಿ ಇಲ್ಲ. ಮೇಷ್ಟ್ರ ತಮ್ಮ ಬಂದಿದ್ದರು. ಕೂರಲಿಲ್ಲ, ಹಾಡಲೂ ಇಲ್ಲ. ಚಟ್ಟಕ್ಕೆ ಮುಂದೆ ಎಡಗಡೆ ಹೆಗಲು ಕೊಟ್ಟರು. ಹೊಲದಲ್ಲಿ ಮಣ್ಣು ಮುಗಿಯುವವರೆಗೆ ಯಾರ ಮುಖವನ್ನೂ ನೋಡಲಿಲ್ಲ.

ಎಲ್ಲರೂ ಪಂಪ್‌ಹೌಸಿನ ತೊಟ್ಟಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದಾಗ ಅವರು ನನ್ನ ಹತ್ತಿರ ಬಂದರು. ಮೇಷ್ಟ್ರದೇ ಹಣೆ, ಮೇಷ್ಟ್ರದೇ ಬೆರಳು, ಬಿಸಿಲಿಗೆ ಕಂದಿದ್ದವು ಅಷ್ಟೇ.

“ಭಾನುವಾರ ಭಾನುವಾರ ಬರ್ತಾ ಇದ್ದೋರು ನೀವೇನಾ ಸಾ?”

ಹೌದು ಎಂದೆ.

“ಜವಾಬು ಏನಾದ್ರೂ ಕಟ್ಟಿದ್ನಾ?”

ಮಾತು ಹೊರಡುತ್ತಿರಲಿಲ್ಲ, ಕುಟ್ಟುತ್ತಿದ್ದರು, ಗುನುಗುತ್ತಿದ್ದರು, ನನಗೆ ಸಂಗೀತ ಗೊತ್ತಿಲ್ಲ ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಲಿಲ್ಲ.

“ಹೆಂಗೆ ಕುಟ್ತಿದ್ದ, ಅದನ್ನೇ ಮಾಡಿ.”

ತೊಟ್ಟಿಯ ಕಲ್ಲಿನ ಮೇಲೆ ಬೆರಳಿನಿಂದ ಕುಟ್ಟಿದೆ. ಬಾಯಿಗೆ ಬಂದಷ್ಟು ಗುನುಗಿದೆ. ನಡುವೆ ನಿಲ್ಲಿಸುವಲ್ಲಿ ನಿಲ್ಲಿಸಿದೆ. ಇನ್ನೊಂದು ಸಲ ಎಂದರು. ಇನ್ನೊಂದು ಸಲ ಕುಟ್ಟಿದೆ. ಅವರು ನೆಲ ನೋಡಿಕೊಂಡು ಕೇಳಿದರು. ಅವರ ಹೆಬ್ಬೆರಳು ಟವೆಲ್ಲಿನ ಅಂಚಿನ ಮೇಲೆ ಆಡುತ್ತಿತ್ತು.

“ಅದು ಜವಾಬಲ್ಲ ಸಾ.”

“ನಾನು ತಪ್ಪು ಕುಟ್ಟಿರಬಹುದು. ನನ್ನ ನೆನಪು ಅಷ್ಟು ಚೆನ್ನಾಗಿಲ್ಲ.”

“ತಪ್ಪೇನಿಲ್ಲ. ಅದು ನಂದು. ನಾನು ಕೇಳಿದ್ದು.”

ಅಷ್ಟು ಹೇಳಿ, ಆಗಲೇ ತೊಳೆದಿದ್ದ ಕಾಲನ್ನು ಮತ್ತೆ ತೊಳೆದುಕೊಂಡರು.

ಮೇಷ್ಟ್ರು ಕೊನೆಯ ದಿನಗಳಲ್ಲಿ ಜವಾಬು ಕಟ್ಟಲಾಗದೆ ತಮ್ಮನ ಸವಾಲನ್ನೇ ಹಾಡಿಕೊಳ್ಳುತ್ತಿದ್ದರೋ, ಕಟ್ಟುವ ಮುಂಚೆ ಅಳತೆ ಹಿಡಿಯಲು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೋ, ಅಥವಾ ಡಾಕ್ಟರು ಹೇಳಿದಂತೆ ಬರೀ ನರವೋ. ನಾನು ಕುಟ್ಟಿದ್ದನ್ನು ಕೇಳಿ ತಮ್ಮನಿಗೆ ತಾವು ಕೇಳಬೇಕೆಂದುಕೊಂಡದ್ದೇ ಕೇಳಿಸಿರಲೂಬಹುದು. ಈ ಯಾವುದನ್ನೂ ನಾನು ತಳ್ಳಿಹಾಕಲಾರೆ. ಯೋಚಿಸಿ ಯೋಚಿಸಿ ದಣಿದಿದ್ದೇನೆ.

ಏಕಾದಶಿಯ ದಿನ ಮಧ್ಯಾಹ್ನ ಊರಿಗೆ ಹೋದೆ. ಮೇಷ್ಟ್ರು ನಿಲ್ಲುತ್ತಿದ್ದ ಶಾಲೆಯ ಹಿಂಭಾಗ ಎಲ್ಲಿ ಎಂದು ಕೇಳಿಕೊಂಡು ಅಲ್ಲೇ ನಿಂತೆ. ಮೇಲಿನ ಬೀದಿಗೆ ಇನ್ನು ಜವಾಬು ಕಟ್ಟುವವರಿಲ್ಲ. ಹಿರಿಯರು ಕೂತು ಮಾತಾಡಿ ಎರಡು ತಂಡವನ್ನೂ ಒಂದು ಮಾಡಿದ್ದರು. ಊರಿಗೆ ಖುಷಿಯಾಗಿತ್ತು. ಇಷ್ಟು ದಿನದ ಜಗಳ ಮುಗೀತಪ್ಪ ಎಂದು ಪಾನಕ ಹಂಚುತ್ತಿದ್ದವನು ನನಗೂ ಹೇಳಿದ. ಮುನಿವೆಂಕಟಪ್ಪ ಮುಂದೆ ನಿಂತಿದ್ದ. ಹಿಂದಿನ ಸಾಲಿನ ತುದಿಯಲ್ಲಿ ತಮ್ಮ.

ಆ ವರ್ಷದ ಸವಾಲನ್ನೇ ಎತ್ತಿಕೊಂಡರು. ಕೆರೆ ಏರಿ, ಇಳಿಯುವ ಹೊತ್ತು, ಜೊತೆಗೆ ಯಾರು. ಜವಾಬಿನ ಜಾಗ ಬಂದಾಗ ಎಲ್ಲರೂ ಸೇರಿ ಹಿಂದಿನ ಯಾವುದೋ ವರ್ಷದ ಜವಾಬನ್ನು ಅದರೊಳಗೆ ತುರುಕಿ ಹಾಡಿದರು. ಅಳತೆ ಸ್ವಲ್ಪ ಹೆಚ್ಚು ಕಮ್ಮಿಯಾಯಿತು, ಯಾರೂ ಗಮನಿಸಿದಂತೆ ಕಾಣಲಿಲ್ಲ. ಹಾಡು ಸಪ್ಪೆಯಾಗಿತ್ತು, ಆದರೆ ನಾನು ಹೋಲಿಸಲು ಮೊದಲಿನದನ್ನು ಕೇಳಿದವನೇ ಅಲ್ಲ.

ಸವಾಲನ್ನು ಎಲ್ಲರ ಜೊತೆ ಹಾಡಿದ ತಮ್ಮ ಆ ಜಾಗದಷ್ಟು ಹೊತ್ತು ಹಾಡಲಿಲ್ಲ. ಹೆಜ್ಜೆಯನ್ನೂ ಹಾಕಲಿಲ್ಲ. ಎರಡು ತಾಳವನ್ನು ಒಂದಕ್ಕೊಂದು ತಾಗದಂತೆ ಎದೆಯ ಹತ್ತಿರ ಹಿಡಿದುಕೊಂಡು, ಶಾಲೆಯ ಕಡೆ ನೋಡದೆ ನಿಂತಿದ್ದರು. ಜಾಗ ಮುಗಿದು ಸವಾಲಿನ ಸಾಲು ತಿರುಗಿ ಬಂದಾಗ ಸರಿಯಾಗಿ ಸೇರಿಕೊಂಡರು.

ಉಸಿರು ತೆಗೆದುಕೊಳ್ಳುತ್ತಿದ್ದರೇನೋ. ಅವರಿಗೂ ವಯಸ್ಸಾಗಿದೆ.